ಕ್ಯೂಎ 100, ಸಿಸ್ಯಾಟ್ 1

ಒಂದೇ ಚಾಟ್‌ಗೆ ಕ್ಯೂಎನಲ್ಲಿ (ನಮ್ಮವರೇ ಗುಣಮಟ್ಟ ನೋಡಿ ಹಾಕುವ ಅಂಕ) 100, ಸಿಸ್ಯಾಟ್‌ನಲ್ಲಿ (ಗ್ರಾಹಕರು ಸರ್ವೆಯಲ್ಲಿ ಕೊಡುವ ಅಂಕ) 1 ಬಂದದ್ದನ್ನು ನಮ್ಮ ಫ್ಲೋರ್‌ನಲ್ಲಿ ಯಾರೂ ನೋಡಿರಲಿಲ್ಲ. ನನಗೆ ಬಂತು. ಅಂಕಗಳನ್ನು ತಾಳೆ ನೋಡುವ ಕ್ಯಾಲಿಬ್ರೇಷನ್ ಮೀಟಿಂಗ್‌ನಲ್ಲಿ ಅದನ್ನು ದೊಡ್ಡ ಸ್ಕ್ರೀನ್ ಮೇಲೆ ಹಾಕಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡೋದು?

ನಮ್ಮ ಪ್ರೋಸೆಸ್ ಸ್ವಲ್ಪ ವಿಚಿತ್ರ. ಹಳೇ ಹಾಲಿವುಡ್ ಸಿನಿಮಾ ತೋರಿಸುವ ಒಂದು ಅಮೆರಿಕನ್ ಕಂಪನಿಗೆ ಬೆಂಗಳೂರಿನಿಂದ ನೈಟ್ ಶಿಫ್ಟ್‌ನಲ್ಲಿ ಉತ್ತರ ಕೊಡುತ್ತೇವೆ. ಬಿಲ್ಲಿಂಗ್, ಪಾಸ್‌ವರ್ಡ್ ಎಲ್ಲ ಬೇರೆ ಟೀಮ್. ನಮ್ಮ ಕ್ಯೂಗೆ ಬರುವುದು ನಟ ನಟಿಯರ ಬಗ್ಗೆ ಅಭಿಮಾನಿಗಳ ಪ್ರಶ್ನೆಗಳು ಮಾತ್ರ. ಎತ್ತರ ಎಷ್ಟು, ಎಷ್ಟು ಮದುವೆ ಆಗಿತ್ತು, ಸಮಾಧಿ ಎಲ್ಲಿದೆ, ಆ ಸಿನಿಮಾ ಯಾಕೆ ಹಾಕಲ್ಲ. ಕೊನೆಯ ಪ್ರಶ್ನೆಗೆ ಹೆಚ್ಚಾಗಿ ಒಂದೇ ಉತ್ತರ: ಆ ಸಿನಿಮಾ ಭೂಮಿ ಮೇಲೆ ಇಲ್ಲ. 1912ರಿಂದ 1929ರವರೆಗೆ ಅಮೆರಿಕದಲ್ಲಿ ಬಿಡುಗಡೆಯಾದ 10,919 ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದಿರುವುದು ಶೇಕಡ 14 ಅಷ್ಟೇ ಅಂತ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಕೊಟ್ಟಿದೆ. ಥೀಡಾ ಬಾರಾ ನಟಿಸಿದ 1917ರ ಕ್ಲಿಯೋಪಾತ್ರ ಬೇಕು ಅಂತ ಜಗಳ ಆಡುವವರು ಈಗಲೂ ಇದ್ದಾರೆ. ಆಕೆಯ ಬಹುಪಾಲು ಚಿತ್ರಗಳು 1937ರಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರ್ರಿಯಲ್ಲಿದ್ದ ಫಾಕ್ಸ್ ಸ್ಟುಡಿಯೋದ ಫಿಲ್ಮ್ ಗೋದಾಮು ಹೊತ್ತಿಕೊಂಡಾಗ ಸುಟ್ಟುಹೋದವು. ಹಾಗಂತ ಹೇಳಿದರೆ "ಸುಮ್ನೆ ಕಥೆ ಹೇಳಬೇಡಿ, ನಿಮ್ಮ ಹತ್ತಿರ ಇದೆ" ಅಂತಾರೆ.

ಇನ್ನು ಹ್ಯಾರಿಸನ್ ಫೋರ್ಡ್ ಟಿಕೆಟ್‌ಗಳು. ಲಾಸ್ ಏಂಜಲೀಸ್‌ಗೆ ಪ್ರವಾಸ ಹೋದವರು ಹಾಲಿವುಡ್ ಬೊಲೆವಾರ್ಡ್‌ನಲ್ಲಿ ಮುಸೊ ಅಂಡ್ ಫ್ರಾಂಕ್ ಹೋಟೆಲಿನ ಮುಂದೆ ಫುಟ್‌ಪಾತ್‌ನಲ್ಲಿ ಕೂರಿಸಿರುವ, ಆ ಹೆಸರಿನ ನಕ್ಷತ್ರದ ಜೊತೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಆಮೇಲೆ ನಮಗೆ ಬರೆಯುತ್ತಾರೆ: ಇಷ್ಟು ದೊಡ್ಡ ನಟನಿಗೆ ಇಷ್ಟು ಹಳೇ ಸವೆದ ನಕ್ಷತ್ರವಾ? ಅದು ಬೇರೆ ಹ್ಯಾರಿಸನ್ ಫೋರ್ಡ್ ಸ್ವಾಮಿ. ಮೂಕಿ ಕಾಲದ ನಾಯಕ ನಟ, 1957ರಲ್ಲೇ ತೀರಿಕೊಂಡವನು. ಇಂಥವಕ್ಕೆ ಮ್ಯಾಕ್ರೋ, ಅಂದರೆ ಮೊದಲೇ ಬರೆದಿಟ್ಟ ಸಿದ್ಧ ಉತ್ತರ, ಇದೆ. ಒಂದು ಶಾರ್ಟ್‌ಕಟ್ ಒತ್ತಿದರೆ ಮುಗಿಯಿತು. ಎಎಚ್‌ಟಿ (ಒಂದು ಚಾಟ್‌ಗೆ ಹಿಡಿಯುವ ಸರಾಸರಿ ಸಮಯ) ಚೆನ್ನಾಗಿರುತ್ತದೆ, ಟಿಎಲ್ (ಟೀಮ್ ಲೀಡರ್) ಮುಖದಲ್ಲಿ ನಗು ಇರುತ್ತದೆ.

ಈ ಕೆಲಸ ನಾವು ಕಂಡುಹಿಡಿದದ್ದೇನಲ್ಲ. 1910ರ ದಶಕದಲ್ಲೇ ಅಲ್ಲಿನ ಸಿನಿಮಾ ಪತ್ರಿಕೆಗಳಲ್ಲಿ ಪ್ರಶ್ನೋತ್ತರದ ಅಂಕಣ ಇತ್ತು. ಫೋಟೋಪ್ಲೇ ಪತ್ರಿಕೆ ನಿಯಮವನ್ನೇ ಅಚ್ಚು ಹಾಕಿತ್ತು: ಧರ್ಮದ ಬಗ್ಗೆ ಕೇಳಬೇಡಿ, ಸಿನಿಮಾ ಕಥೆ ಬರೆಯುವುದರ ಬಗ್ಗೆ ಕೇಳಬೇಡಿ, ಸ್ಟುಡಿಯೋದಲ್ಲಿ ಕೆಲಸ ಸಿಗುತ್ತಾ ಅಂತ ಕೇಳಬೇಡಿ. ಅದನ್ನು ಮೊದಲ ಸಲ ಓದಿದಾಗ ನಮ್ಮ ಎಸ್‌ಒಪಿ (ಕೆಲಸದ ನಿಯಮಾವಳಿ) ಬರೆದವರ ಮೇಲಿದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು. ನೂರು ವರ್ಷದ ಹಿಂದೆ ಒಬ್ಬ ಗುಮಾಸ್ತ ಇವರಿಗಿಂತ ಸ್ಪಷ್ಟವಾಗಿ ಬರೆದಿದ್ದ.

ಆದರೆ ಆ ಗುಮಾಸ್ತನಿಗೂ ನಮಗೂ ಒಂದೇ ತಲೆನೋವು. ಇಬ್ಬರ ಮಾಹಿತಿಯೂ ಬಂದದ್ದು ಸ್ಟುಡಿಯೋ ಪ್ರಚಾರ ವಿಭಾಗದಿಂದ. ಆ ವಿಭಾಗದವರಿಗೆ ಸುಳ್ಳು ಹೇಳುವುದೇ ನೌಕರಿ. ಥೀಡಾ ಬಾರಾ ಸಹಾರಾ ಮರುಭೂಮಿಯಲ್ಲಿ ಹುಟ್ಟಿದವಳು ಅಂತ ಫಾಕ್ಸ್‌ನವರು ಹೇಳಿದರು. ಆಕೆ ಓಹಾಯೋದ ಸಿನ್ಸಿನಾಟಿಯ ದರ್ಜಿಯೊಬ್ಬರ ಮಗಳು, ಥಿಯೋಡೋಸಿಯಾ ಗುಡ್‌ಮನ್. ಫ್ಲಾರೆನ್ಸ್ ಲಾರೆನ್ಸ್ ಕಥೆ ಇನ್ನೂ ಮಜಾ. ಬಯೋಗ್ರಾಫ್ ಕಂಪನಿ ನಟರ ಹೆಸರನ್ನೇ ಹೇಳುತ್ತಿರಲಿಲ್ಲ, ಜನ ಆಕೆಯನ್ನು 'ಬಯೋಗ್ರಾಫ್ ಗರ್ಲ್' ಅಂತಲೇ ಕರೆಯುತ್ತಿದ್ದರು. ಆಕೆಯನ್ನು ತನ್ನ ಕಂಪನಿಗೆ ಸೆಳೆದುಕೊಂಡ ಕಾರ್ಲ್ ಲೆಮ್ಲೆ 1910ರ ಮಾರ್ಚ್‌ನಲ್ಲಿ ದೊಡ್ಡ ಜಾಹೀರಾತು ಕೊಟ್ಟ: ಆಕೆ ಸತ್ತಳು ಅನ್ನುವುದು ಸುಳ್ಳು, ಬದುಕಿದ್ದಾಳೆ, ನಮ್ಮ ಮುಂದಿನ ಚಿತ್ರ ನೋಡಿ. ಸತ್ತಳು ಅನ್ನುವ ಗಾಳಿಸುದ್ದಿಯ ಹಿಂದೆ ಇದ್ದದ್ದೂ ಅವನೇ ಅಂತ ಸಿನಿಮಾ ಚರಿತ್ರೆ ಬರೆದವರು ಹೇಳುತ್ತಾ ಬಂದಿದ್ದಾರೆ. ಅಂದರೆ ಸಿನಿಮಾ ತಾರೆ ಅನ್ನುವ ವ್ಯಾಪಾರವೇ ಹೀಗೆ ಶುರುವಾದದ್ದು. ನಾವು ಉತ್ತರ ಹುಡುಕುವ ಮಾಹಿತಿ ಭಂಡಾರ ಕೆಬಿಯಲ್ಲಿ (ನಾಲೆಡ್ಜ್ ಬೇಸ್) ಇಂಥ ಎಷ್ಟು ಪ್ರಚಾರದ ಸರಕು 'ವೆರಿಫೈಡ್' ಅನ್ನುವ ಹಸಿರು ಟಿಕ್ ಹಾಕಿಕೊಂಡು ಕೂತಿದೆಯೋ ದೇವರೇ ಬಲ್ಲ.

ವಿಷಯಕ್ಕೆ ಬರುತ್ತೇನೆ. 2023ರ ಜನವರಿಯಲ್ಲಿ ಮಿಶೆಲ್ ಯೋಗೆ ಅತ್ಯುತ್ತಮ ನಟಿ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಆಯಿತು. ಈ ವಿಭಾಗದಲ್ಲಿ ಮೊದಲ ಏಷ್ಯನ್ ಅಂತ ಕೆಲವರು ಬರೆದರು. 'ಏಷ್ಯನ್ ಎಂದು ಗುರುತಿಸಿಕೊಂಡ ಮೊದಲ ನಟಿ' ಅಂತ ಇನ್ನು ಕೆಲವರು ಹುಷಾರಾಗಿ ಬರೆದರು. ಆ 'ಗುರುತಿಸಿಕೊಂಡ' ಯಾಕೆ ಅಂತ ನಮ್ಮ ಕ್ಯೂ ತುಂಬಿ ಹೋಯಿತು. ಕಾರಣ ಮರ್ಲ್ ಒಬೆರಾನ್. 1935ರ ದ ಡಾರ್ಕ್ ಏಂಜೆಲ್ ಚಿತ್ರಕ್ಕೆ ಆಕೆಗೆ ಅದೇ ನಾಮನಿರ್ದೇಶನ ಸಿಕ್ಕಿತ್ತು. ಹುಟ್ಟಿದ್ದು 1911ರಲ್ಲಿ, ಬಾಂಬೆಯಲ್ಲಿ. ಬೆಳೆದದ್ದು ಕಲ್ಕತ್ತಾದಲ್ಲಿ. ಆದರೆ ಬದುಕಿರುವಷ್ಟು ಕಾಲ ಹೇಳಿಕೊಂಡದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾ ಅಂತ.

ಯಾಕೆ ಅಂತ ಕೇಳಿದರೆ ಆಗಿನ ಕಾಲ ನೋಡಬೇಕು. ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ತೆರೆದದ್ದೇ 1946ರಲ್ಲಿ. ಬೇರೆ ಬೇರೆ ವರ್ಣದವರ ಪ್ರೇಮವನ್ನು ತೆರೆ ಮೇಲೆ ತೋರಿಸಲು ಹಾಲಿವುಡ್ಡಿನ ಪ್ರೊಡಕ್ಷನ್ ಕೋಡ್, ಅಂದರೆ ಸ್ಟುಡಿಯೋಗಳೇ ಹಾಕಿಕೊಂಡ ಸೆನ್ಸಾರ್ ನಿಯಮ, ಬಿಡುತ್ತಿರಲಿಲ್ಲ. ಆಂಗ್ಲೋ-ಇಂಡಿಯನ್ ಹುಡುಗಿ ಅಂತ ಗೊತ್ತಾಗಿದ್ದರೆ ನಾಯಕಿಯ ಪಾತ್ರ ಎಲ್ಲಿಂದ ಬರಬೇಕು? ಟಾಸ್ಮೇನಿಯಾ ಬ್ರಿಟಿಷರದ್ದೂ ಹೌದು, ಯಾರೂ ಹೋಗಿ ವಿಚಾರಿಸಲಾರದಷ್ಟು ದೂರವೂ ಹೌದು. ಜೊತೆಗಿದ್ದ, ತಾಯಿಯಾಗಿ ಬೆಳೆಸಿದ ಕಪ್ಪು ಮೈಬಣ್ಣದ ಅಜ್ಜಿಯನ್ನು ಮನೆಕೆಲಸದವಳು ಅಂತ ಪರಿಚಯಿಸುತ್ತಿದ್ದಳಂತೆ. ಅದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ. ಆಕೆ 1979ರಲ್ಲಿ ತೀರಿಕೊಂಡಳು. 1983ರಲ್ಲಿ ಬಂದ ಒಂದು ಜೀವನಚರಿತ್ರೆಯಿಂದ ಬಾಂಬೆ ವಿಷಯ ಬಯಲಾಯಿತು.

ನಮ್ಮ ಕೆಬಿಯಲ್ಲಿ ಮಾತ್ರ ಇನ್ನೂ 'ಹೋಬಾರ್ಟ್, ಟಾಸ್ಮೇನಿಯಾ' ಅಂತಲೇ ಇತ್ತು. ಹಸಿರು ಟಿಕ್ ಸಮೇತ. ತಿದ್ದಿಸಿದ್ದು ನಾನು. ಹೊಸ ಮ್ಯಾಕ್ರೋ ಬರೆದದ್ದೂ ನಾನೇ. ಸತ್ಯ ಹೇಳಬೇಕೆಂದರೆ ಖುಷಿಯಿಂದ ಬರೆದೆ. ನಮ್ಮ ಬಾಂಬೆ ಹುಡುಗಿ, ಎಂಬತ್ತೇಳು ವರ್ಷ ಮೊದಲೇ ಆ ಪಟ್ಟಿಯಲ್ಲಿ ಇದ್ದವಳು, ಅಲ್ವಾ? ಮ್ಯಾಕ್ರೋದ ಮೊದಲ ಪದವೇ 'ಇಲ್ಲ'. "ಇಲ್ಲ, ಮರ್ಲ್ ಒಬೆರಾನ್ ಟಾಸ್ಮೇನಿಯಾದವರಲ್ಲ. ಅದು ಪ್ರಚಾರಕ್ಕಾಗಿ ಕಟ್ಟಿದ ಸುಳ್ಳು. ಅವರು ಭಾರತದ ಬಾಂಬೆಯಲ್ಲಿ ಹುಟ್ಟಿದರು." ಟಿಎಲ್ ಓದಿ "ಸೂಪರ್ ಕ್ರಿಸ್ಪ್" ಅಂದರು. ಎರಡು ವಾರ ಇಡೀ ಟೀಮ್ ಅದನ್ನೇ ಒತ್ತಿತು.

ಆ ದಿನ ವುದರಿಂಗ್ ಹೈಟ್ಸ್ ಹಾಕಿದ್ದರು, 1939ರದ್ದು. ಆಕೆ ಅದರ ನಾಯಕಿ. ಲೈವ್ ಚಾಟ್ ಕಿತ್ತು ಬರುತ್ತಿತ್ತು. ಕನ್ಕರೆನ್ಸಿ ಮೂರು, ಅಂದರೆ ಒಟ್ಟಿಗೆ ಮೂರು ಚಾಟ್. ಎಡಗಡೆ ವಿಂಡೋದಲ್ಲಿ ಹ್ಯಾರಿಸನ್ ಫೋರ್ಡ್, ನಡುವೆ ಯಾರೋ ಸಬ್‌ಟೈಟಲ್ ಬರುತ್ತಿಲ್ಲ ಅಂತ ತಪ್ಪು ಕ್ಯೂಗೆ ಬಂದವರು, ಬಲಗಡೆ ಒಬ್ಬ ವಯಸ್ಸಾದ ಹೆಂಗಸು. ಆಕೆಯ ಮೊದಲ ಮೆಸೇಜ್: "ಮರ್ಲ್ ಒಬೆರಾನ್ ಹೋಬಾರ್ಟ್‌ನವರೇ ಅಲ್ಲವೇ?" ಕೆಳಗೆ ಮೂರು ಚುಕ್ಕಿ ಕುಣಿಯುತ್ತಿದ್ದವು. ಇನ್ನೂ ಟೈಪ್ ಮಾಡುತ್ತಿದ್ದಾರೆ. ವಯಸ್ಸಾದವರು, ನಿಧಾನ. ಟೈಮರ್ ಹಳದಿಗೆ ತಿರುಗಿತು. ನಾನು ಮ್ಯಾಕ್ರೋ ಒತ್ತಿದೆ.

ಅದು ಹೋದದ್ದಕ್ಕೂ ಆಕೆಯ ಎರಡನೇ ಮೆಸೇಜ್ ಬಂದದ್ದಕ್ಕೂ ಸರಿಹೋಯಿತು. ಮ್ಯಾಕ್ರೋ ನೋಡುವ ಮೊದಲೇ ಕಳಿಸಿದ್ದು ಅದು. "ನನ್ನ ಅಮ್ಮ ಹೋಬಾರ್ಟ್‌ನಲ್ಲಿ ಬೆಳೆದವಳು. ಚಿಕ್ಕಂದಿನಲ್ಲಿ ಮರ್ಲ್, ನಾನು ಇಬ್ಬರೂ ಒಂದೇ ಸ್ಕೂಲು ಅನ್ನುತ್ತಿದ್ದಳು. ಮೊಮ್ಮಕ್ಕಳಿಗಾಗಿ ಮನೆಯವರ ಕಥೆ ಬರೆಯುತ್ತಿದ್ದೇನೆ. ಆ ಸ್ಕೂಲಿನ ಹೆಸರು ನಿಮಗೆ ಗೊತ್ತಿರಬಹುದಾ ಅಂತ ಕೇಳೋಣ ಅನಿಸಿತು."

ಅದರ ಮೇಲೆ ನನ್ನ 'ಇಲ್ಲ' ಕೂತಿತ್ತು.

ಚುಕ್ಕಿಗಳು ನಿಂತವು. ಮತ್ತೆ ಶುರುವಾದವು. ಮತ್ತೆ ನಿಂತವು. ಫೋರ್ಡ್ ವಿಂಡೋ ಟುಂಯ್ ಅಂತಿತ್ತು, ಅದನ್ನು ನೋಡಲೇ ಇಲ್ಲ. ಪಕ್ಕದವನು "ಮಗಾ, ನಿಂದು ಕೆಂಪಾಯ್ತು" ಅಂದ. ಬಾಟ್ ಅಸಿಸ್ಟ್ ತನ್ನ ಪಾಡಿಗೆ ತಾನು "ನಿಮಗೆ ಇನ್ನೇನಾದರೂ ಸಹಾಯ ಬೇಕೇ?" ಅನ್ನುವ ಸಾಲನ್ನು ಕಳಿಸು ಕಳಿಸು ಅಂತ ಮಿನುಗಿಸುತ್ತಿತ್ತು. ಆಮೇಲೆ ಬಂತು ಆಕೆಯ ಮೂರನೇ ಮೆಸೇಜ್.

"ಹಾಗಾದರೆ ಅಮ್ಮ ನಮಗೆಲ್ಲ ಸುಳ್ಳು ಹೇಳಿದಳೇ?"

ಇದಕ್ಕೆ ಉತ್ತರ ಇತ್ತು. ಒಳ್ಳೇ ಉತ್ತರವೇ ಇತ್ತು. ಆ ಸುಳ್ಳು ನಿಮ್ಮ ತಾಯಿಯದ್ದಲ್ಲ, ಸಿನಿಮಾದವರದ್ದು. ಪತ್ರಿಕೆಗಳು ಅದನ್ನೇ ವರ್ಷಗಟ್ಟಲೆ ಅಚ್ಚು ಹಾಕಿದವು. 1978ರಲ್ಲಿ ಹೋಬಾರ್ಟ್ ನಗರದ ಮೇಯರ್ ಆಕೆಯನ್ನು ಕರೆದು ಸತ್ಕಾರ ಕೂಟವನ್ನೇ ಇಟ್ಟಿದ್ದರು. ಊರಿನ ಮೇಯರೇ ನಂಬಿ ಕರೆದ ಮೇಲೆ ಊರಿನವರು ನಂಬಿದರೆ ತಪ್ಪೇನು? ಮರ್ಲ್ ನಮ್ಮೂರಿನವಳು, ನಮಗೆ ಗೊತ್ತು ಅನ್ನುವ ಟಾಸ್ಮೇನಿಯಾದ ಜನರ ನೆನಪುಗಳ ಮೇಲೆಯೇ 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಸಾಕ್ಷ್ಯಚಿತ್ರ ಬಂದಿದೆ. ಶಾಲೆಯಲ್ಲಿ ಜೊತೆಗಿದ್ದ ಇನ್ಯಾವುದೋ ಹುಡುಗಿಯ ನೆನಪು, ಆಮೇಲೆ ಪತ್ರಿಕೆಯಲ್ಲಿ ನೋಡಿದ ಮುಖ, ಎರಡೂ ಸೇರಿಕೊಂಡಿರಬಹುದು. ಇಷ್ಟನ್ನೂ ಟೈಪ್ ಮಾಡಿದೆ. 'ಸುಳ್ಳು' ಅನ್ನುವ ಪದ ಎರಡು ಕಡೆ ಬಂದಿತ್ತು, ಅಳಿಸಿದೆ. ಮತ್ತೆ ಬರೆದೆ. ಚೆನ್ನಾಗಿ ಬರೆಯಬೇಕು ಅನ್ನುವ ಆಸೆ ಆ ಹೊತ್ತಿನಲ್ಲಿ ಬರಬಾರದಿತ್ತು. ಒಂದು ಸಾಲು, "ಇಲ್ಲ ಅಮ್ಮ, ನಿಮ್ಮ ತಾಯಿ ಸುಳ್ಳು ಹೇಳಿಲ್ಲ" ಅಂತ ಮೊದಲು ಕಳಿಸಿ, ಆಮೇಲೆ ಉಳಿದದ್ದು ಬರೆದಿದ್ದರೆ ಸಾಕಿತ್ತು.

ಅಷ್ಟರಲ್ಲಿ ಟಿಎಲ್ ಹಿಂದೆ ಬಂದು ನಿಂತಿದ್ದರು. "ಏನ್ರೀ ಇದು, ಒಂದೇ ಚಾಟ್‌ನಲ್ಲಿ ಇಷ್ಟು ಹೊತ್ತು? ಮನೆ ಕಥೆ ಎಲ್ಲ ನಮ್ಮ ಸ್ಕೋಪ್ ಅಲ್ಲ."

"ಮೇಡಂ, ಕೊನೇ ಮೆಸೇಜ್ ಓದಿ. ಎರಡು ನಿಮಿಷ ಕೊಡಿ."

ಓದಿದರು. ಅವರಿಗೂ ಪಾಪ ಅನಿಸಿತು ಅಂತ ಕಾಣುತ್ತದೆ. ಅದಕ್ಕೇ ತಮ್ಮ ಸೀಟಿಗೆ ಹೋಗಿ ಬಾರ್ಜ್-ಇನ್ ಮಾಡಿ (ನನ್ನ ಚಾಟ್‌ನೊಳಗೆ ತಾವೇ ನುಗ್ಗಿ), ಅವರ ಕೈಯಲ್ಲಿ ಇದ್ದದ್ದನ್ನು ಕೊಟ್ಟರು. ನನ್ನ ಪ್ಯಾರಾ ಇನ್ನೂ ಬಾಕ್ಸ್‌ನಲ್ಲೇ ಇತ್ತು. ಆಕೆಯ ಪ್ರಶ್ನೆಯ ಕೆಳಗೆ ಹೋಗಿ ಕೂತದ್ದು ಇದು: "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ನಿಮ್ಮ ಖಾತೆಗೆ ಒಂದು ತಿಂಗಳ ಉಚಿತ ಚಂದಾ ಸೇರಿಸಲಾಗಿದೆ."

ಚಾಟ್ ಮುಚ್ಚಿತು. ಸರ್ವೆಯಲ್ಲಿ 1 ಕೊಟ್ಟಿದ್ದರು. ಕಾಮೆಂಟ್ ಬಾಕ್ಸ್ ಖಾಲಿ.

ನನ್ನ ಪ್ಯಾರಾವನ್ನು ನೋಟ್‌ಪ್ಯಾಡ್‌ಗೆ ಹಾಕಿಟ್ಟುಕೊಂಡು ಔಟ್‌ಬೌಂಡ್ ಮೇಲ್‌ಗೆ, ಅಂದರೆ ನಾವಾಗಿಯೇ ಆಕೆಗೆ ಬರೆಯಲು, ರಿಕ್ವೆಸ್ಟ್ ಹಾಕಿದೆ. ಕಂಟೆಂಟ್ ಕ್ವೆರಿಗೆ ಔಟ್‌ಬೌಂಡ್ ಇಲ್ಲ ಅಂತ ಉತ್ತರ ಬಂತು. ಸಿಸ್ಯಾಟ್ ಡಿಸ್ಪ್ಯೂಟ್ ಹಾಕು, ಆ ಅಂಕ ತಪ್ಪು ಅಂತ ತಕರಾರು ಮಾಡು ಅಂತ ಪಕ್ಕದವನು ಹೇಳಿದ. ಹಾಕಲಿಲ್ಲ. ಆ 1 ಸರಿಯಾಗಿಯೇ ಇತ್ತು. ತಪ್ಪಿದ್ದರೆ ಆ 100ರಲ್ಲಿ. ಕ್ಯೂಎ ಫಾರ್ಮ್‌ನಲ್ಲಿ ಉತ್ತರ ನಿಜವೇ, ವ್ಯಾಕರಣ ಸರಿಯೇ, ಸರಿಯಾದ ಮ್ಯಾಕ್ರೋ ಬಳಸಿದರೇ, ಗುಡ್‌ವಿಲ್ (ಉಚಿತ ಚಂದಾದಂಥದ್ದು) ಕೊಟ್ಟರೇ ಅಂತ ಕಾಲಂ ಇವೆ. ಕೇಳಿದ್ದಕ್ಕೆ ಉತ್ತರ ಕೊಟ್ಟರೇ ಅನ್ನುವ ಕಾಲಂ ಇಲ್ಲ.

ಈಗ ಹೊಸಬರಿಗೆ ನಾನು ಹೇಳುವುದು ಎರಡೇ ಮಾತು. ಚುಕ್ಕಿ ಕುಣಿಯುತ್ತಿದ್ದರೆ ಕೈ ಕಟ್ಟಿ ಕೂತುಕೊಳ್ಳಿ, ಎಎಚ್‌ಟಿ ಹಾಳಾಗಿ ಹೋಗಲಿ. ಮತ್ತೆ, ಹಳೇ ನಟರ ವಿಷಯದಲ್ಲಿ ತಪ್ಪು ಮಾಹಿತಿ ಹಿಡಿದುಕೊಂಡು ಬಂದವರನ್ನು ದಡ್ಡರು ಅಂದುಕೊಳ್ಳಬೇಡಿ. ಅದನ್ನು ಅವರ ಕೈಗೆ ಕೊಟ್ಟವರು ಸಂಬಳ ತಗೊಂಡು ಕೊಟ್ಟಿದ್ದಾರೆ. ಮ್ಯಾಕ್ರೋ ಈಗ "ಬಹಳ ಕಾಲ ಹಾಗೆಂದೇ ಎಲ್ಲ ಕಡೆ ಅಚ್ಚಾಗಿತ್ತು" ಅಂತ ಶುರುವಾಗುತ್ತದೆ. ಕ್ರಿಸ್ಪ್ ಇಲ್ಲ ಅಂತ ಟಿಎಲ್ ಗೊಣಗಿದರು.

ಕೆಬಿಯಲ್ಲಿ 'ಸ್ಟುಡಿಯೋ ಹೇಳಿದ್ದು' ಅಂತ ಒಂದು ಫೀಲ್ಡ್, 'ದಾಖಲೆಯಲ್ಲಿ ಇರುವುದು' ಅಂತ ಇನ್ನೊಂದು ಫೀಲ್ಡ್ ಕೊಡಿ ಅಂತಲೂ ಕೇಳಿದ್ದೆ. ಮ್ಯಾನೇಜ್‌ಮೆಂಟ್ ಅದನ್ನು ಮಾಡಲಿಲ್ಲ. ಬದಲಿಗೆ ಒಂದು ರೂಲ್ ತಂದರು: ಸರ್ಕಾರಿ ಜನನ ದಾಖಲೆ ಇಲ್ಲದಿದ್ದರೆ ಹುಟ್ಟಿದ ಊರನ್ನು ತೋರಿಸಲೇಬಾರದು. ವೀಕೆಂಡ್‌ನಲ್ಲಿ ಸ್ಕ್ರಿಪ್ಟ್ ಓಡಿಸಿಬಿಟ್ಟರು. ಸೋಮವಾರ ಲಾಗಿನ್ ಆಗಿ ನೋಡಿದರೆ ಚಾರ್ಲಿ ಚಾಪ್ಲಿನ್ ಊರು ಖಾಲಿ. ಆತನ ಜನನ ದಾಖಲೆ ಯಾರಿಗೂ ಸಿಕ್ಕಿಲ್ಲ. 1950ರ ದಶಕದಲ್ಲಿ ಅಮೆರಿಕದವರು ಕೇಳಿದರು ಅಂತ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ನವರೇ ಹುಡುಕಿ ಬರಿಗೈಲಿ ವಾಪಸ್ ಹೋಗಿದ್ದರು. ಲಂಡನ್ ಅಂತ ಇಡೀ ಜಗತ್ತಿಗೆ ಗೊತ್ತು, ಆತನೂ ಹಾಗೇ ಹೇಳಿದ್ದ, ಆದರೆ ನಮ್ಮ ಕೆಬಿಗೆ ಗೊತ್ತಿಲ್ಲ. ಮಧ್ಯರಾತ್ರಿಯೊಳಗೆ ಬೈಗುಳದ ಟಿಕೆಟ್‌ಗಳು ಕ್ಯೂ ತುಂಬಾ. ಟಿಎಲ್ ನನ್ನ ಸೀಟಿನ ಹತ್ತಿರ ಬಂದು, ಇದಕ್ಕೆ ಬೇಗ ಒಂದು ಮ್ಯಾಕ್ರೋ ಬರೆದುಕೊಡಿ, ಈ ಸಲ ಸ್ವಲ್ಪ ಕ್ರಿಸ್ಪ್ ಆಗಿರಲಿ ಅಂದರು.