ಬೀಡಿ ಮುಟ್ಟದವರ ದಮ್ಮು

ಸಿಓಪಿಡಿ, ಅಂದರೆ ಉಸಿರಿನ ಕೊಳವೆಗಳು ಕಟ್ಟಿ ದಮ್ಮು ಹಿಡಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಬೀಡಿ ಸೇದುವ ಗಂಡಸರದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನರನ್ನು ಬಲಿ ತೆಗೆದುಕೊಂಡ ಕಾಯಿಲೆ ಇದು. ಆದರೆ ನಮ್ಮ ಹಳ್ಳಿಗಳಲ್ಲಿ ಇದು ಹಿಡಿಯುವವರಲ್ಲಿ ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಹೆಂಗಸರು ಬಹಳ. ಅವರನ್ನು "ಸೇದ್ತೀರಾ?" ಅಂತ ಕೇಳಿ ಪ್ರಯೋಜನವಿಲ್ಲ. "ಎಷ್ಟು ವರ್ಷದಿಂದ ಒಲೆ ಮುಂದೆ ಕೂತಿದ್ದೀರಿ, ದಿನಕ್ಕೆ ಎಷ್ಟು ಹೊತ್ತು?" ಅಂತ ಕೇಳಬೇಕು.

ಇದನ್ನು ಅಂಕಿಯಲ್ಲೇ ಹೇಳಬಹುದು. ದಿನಕ್ಕೆ ಒಲೆ ಮುಂದಿರುವ ಗಂಟೆಗಳನ್ನು ವರ್ಷಗಳಿಂದ ಗುಣಿಸಿ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಗುಣಲಬ್ಧ 60 ಮುಟ್ಟಿದ ಮೇಲೆ ದೀರ್ಘಕಾಲದ ಶ್ವಾಸನಾಳ ಉರಿಯೂತದ ಅಪಾಯ ಎದ್ದು ಕಾಣುತ್ತದೆ ಎಂದು ತೋರಿಸಿತು. ದಿನಕ್ಕೆ 3 ಗಂಟೆಯಂತೆ 20 ವರ್ಷ. ಹದಿನೈದರಲ್ಲಿ ಒಲೆ ಹಿಡಿದ ಹುಡುಗಿ ಮೂವತ್ತೈದಕ್ಕೇ ಅಲ್ಲಿಗೆ ತಲುಪಿರುತ್ತಾಳೆ.

ಗ್ಯಾಸ್ ಬಂತಲ್ಲ ಅನ್ನಬಹುದು. 2016ರ ಉಜ್ವಲಾ ಯೋಜನೆಯ ನಂತರ ಸಿಲಿಂಡರ್ ಹೋಗದ ಊರು ಕಡಿಮೆ. ಆದರೂ ಎಷ್ಟೋ ಮನೆಗಳಲ್ಲಿ ಕಾಫಿ, ಒಗ್ಗರಣೆ ಗ್ಯಾಸಿನ ಮೇಲೆ. ಮುದ್ದೆ, ಅನ್ನ, ದನಗಳ ಅಕ್ಕಚ್ಚು ಸೌದೆ ಒಲೆ ಮೇಲೆ. ಬಚ್ಚಲುಮನೆಯ ಹಂಡೆಯನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಿಟಕಿಯಿಲ್ಲದ ಬಚ್ಚಲಲ್ಲಿ ಹಸಿ ಸೌದೆ, ತೆಂಗಿನ ಸಿಪ್ಪೆ, ಹೊತ್ತಿಸಲು ಹಾಲಿನ ಪ್ಲಾಸ್ಟಿಕ್ ಕವರ್. ಆ ಹೊಗೆ ಅಡುಗೆಮನೆಯದಕ್ಕಿಂತ ಕೆಟ್ಟದ್ದಾಗಿರಬಹುದು. ಮಲೆನಾಡಿನಲ್ಲಿ ಅಡಿಕೆ ಬೇಯಿಸುವ ಒಲೆ, ಮಂಡ್ಯದ ಆಲೆಮನೆ, ಹುಣಸೂರು ಪಿರಿಯಾಪಟ್ಟಣದಲ್ಲಿ ತಂಬಾಕು ಒಣಗಿಸುವ ಬ್ಯಾರನ್, ಇವೆಲ್ಲವೂ ಇದೇ ಲೆಕ್ಕಕ್ಕೆ ಸೇರಬೇಕು.

ಒಳಗೆ ಆಗುವುದೇನು? ಹೊಗೆಯಲ್ಲಿರುವ 2.5 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ಕಣಗಳು ಶ್ವಾಸಕೋಶದ ತುದಿಯವರೆಗೂ ಇಳಿಯುತ್ತವೆ. ಸಣ್ಣ ಕೊಳವೆಗಳು ಊದಿ, ಗಾಯ ಮಾಗಿ ದಪ್ಪವಾಗಿ, ಕಿರಿದಾಗುತ್ತವೆ. ಉಸಿರು ಒಳಗೆ ಹೋಗುತ್ತದೆ, ಪೂರ್ತಿ ಹೊರಗೆ ಬರುವುದಿಲ್ಲ. ಬೀಡಿಯಿಂದ ಬಂದ ಕಾಯಿಲೆಯಲ್ಲಿ ಗಾಳಿಚೀಲಗಳು ಹರಿದುಹೋಗುವುದು ಹೆಚ್ಚು, ಸೌದೆ ಹೊಗೆಯದರಲ್ಲಿ ಕೊಳವೆಗಳೇ ಕಿರಿದಾಗುವುದು ಹೆಚ್ಚು. ಹಾಗಾಗಿ ಕಾಯಿಲೆ ನಿಧಾನ, ಕೆಮ್ಮು ಕಫ ಜಾಸ್ತಿ, ಗುರುತಿಸುವುದು ತಡ. ಹಿಂದೆ ಶ್ವಾಸಕೋಶದ ಟಿಬಿ ಆಗಿದ್ದವರಿಗೂ ಕೊಳವೆ ಹೀಗೇ ಕಟ್ಟಬಹುದು. ಕಫದ ಪರೀಕ್ಷೆ ಮಾಡದೆ, ಎಕ್ಸ್‌ರೇಯಲ್ಲಿ ಹಳೆಯ ಕಲೆ ಕಂಡಿತೆಂದು ಮತ್ತೆ ಟಿಬಿ ಮಾತ್ರೆ ಶುರು ಮಾಡಿಸಬೇಡಿ.

ಸಿಓಪಿಡಿಯನ್ನು ಖಚಿತಪಡಿಸುವುದು ಎಕ್ಸ್‌ರೇ ಅಲ್ಲ, ಊದಿಸಿ ಉಸಿರಿನ ಗಾಳಿ ಅಳೆಯುವ ಸ್ಪೈರೊಮೆಟ್ರಿ. ಕೊಳವೆ ಹಿಗ್ಗಿಸುವ ಔಷಧವಾದ ಸಾಲ್ಬುಟಮಾಲನ್ನು 400 ಮೈಕ್ರೊಗ್ರಾಂ, ಅಂದರೆ 100ರ ನಾಲ್ಕು ಪಫ್ ಕೊಟ್ಟು, 15 ನಿಮಿಷ ಬಿಟ್ಟು ಊದಿಸುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ ಶೇ. 70ಕ್ಕಿಂತ ಕಡಿಮೆಯಿದ್ದರೆ ಕೊಳವೆ ಕಟ್ಟಿದೆ ಎಂದರ್ಥ. ಪರೀಕ್ಷೆ ಕೆಡುವುದು ಹೆಚ್ಚಾಗಿ ಊದುವುದರಲ್ಲಿ: ಶುರುವಿನ ರಭಸ ಸಾಲದು, ಅಥವಾ ಎರಡು ಮೂರು ಸೆಕೆಂಡಿಗೇ ಬಿಟ್ಟುಬಿಡುತ್ತಾರೆ. ಕನಿಷ್ಠ 6 ಸೆಕೆಂಡು ಊದಬೇಕು, ಸರಿಯಾದ ಊದು ಮೂರು ಸಿಗಬೇಕು. ಅಷ್ಟು ತಾಳ್ಮೆಯಿಂದ ಹೇಳಿಕೊಡುವ ಟೆಕ್ನಿಷಿಯನ್ ಇರುವಲ್ಲಿಗೇ ಹೋಗಿ.

ಮೂವತ್ತು ದಾಟಿದವರಿಗೆ ಆಶಾ ಕಾರ್ಯಕರ್ತೆಯರು ತುಂಬುವ ಫಾರಂನಲ್ಲಿ ಅಡುಗೆಗೆ ಯಾವ ಇಂಧನ ಎಂಬ ಪ್ರಶ್ನೆ ಇದೆ. "ಗ್ಯಾಸ್" ಎಂದಷ್ಟೇ ಬರೆಸಿ ಕಳಿಸಬೇಡಿ. ಹಂಡೆ ಒಲೆಯನ್ನೂ ಹೇಳಿ, ವರ್ಷಗಳನ್ನೂ ಹೇಳಿ.

ಈಗ ಇನ್‌ಹೇಲರ್. ಒಳ್ಳೆಯ ಔಷಧ ಕೈಯಲ್ಲಿದ್ದೂ ಜನ ಒದ್ದಾಡುವುದು ಇಲ್ಲೇ. ಸ್ಪ್ರೇ ಬಗೆಯದಾದರೆ ಸ್ಪೇಸರ್, ಅಂದರೆ ಇನ್‌ಹೇಲರಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಡಬ್ಬಿ, ಬೇಕೇ ಬೇಕು. ಅಲ್ಲಾಡಿಸಿ ಸ್ಪೇಸರಿಗೆ ಸಿಕ್ಕಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಮಾಡಿ ಒಂದೇ ಸಲ ಒತ್ತಿ, ನಿಧಾನವಾಗಿ ಎಳೆದು 10 ಎಣಿಸುವವರೆಗೆ ಹಿಡಿದುಕೊಳ್ಳಿ. ಎರಡನೇ ಪಫ್ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಸ್ಪೇಸರನ್ನು ಸೋಪುನೀರಲ್ಲಿ ಅದ್ದಿ ತೆಗೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧ ಗೋಡೆಗೇ ಅಂಟಿಕೊಳ್ಳುತ್ತದೆ. ಇನ್‌ಹೇಲರಿನಲ್ಲಿ ಸಾಮಾನ್ಯವಾಗಿ 200 ಪಫ್. ಔಷಧ ಮುಗಿದ ಮೇಲೂ ಗಾಳಿ ಚಿಮ್ಮುತ್ತಲೇ ಇರುತ್ತದೆ. ನೀರಲ್ಲಿ ತೇಲಿಸಿ ನೋಡುವುದು ನಂಬುವಂಥದ್ದಲ್ಲ. ದಿನಕ್ಕೆ 4ರಂತೆ ಬಳಸಿದರೆ 50 ದಿನ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಪುಡಿಯ ಕ್ಯಾಪ್ಸೂಲ್ ಬಗೆಯದು ಇದಕ್ಕೆ ತದ್ವಿರುದ್ಧ: ಜೋರಾಗಿ, ಆಳವಾಗಿ ಎಳೆಯಬೇಕು. ಸಾಧನದೊಳಗೆ ಉಸಿರು ಬಿಡಬಾರದು, ತೇವಕ್ಕೆ ಪುಡಿ ಗಂಟಾಗುತ್ತದೆ. ಮಳೆಗಾಲದಲ್ಲಿ ಕ್ಯಾಪ್ಸೂಲನ್ನು ಬಳಸುವ ಹೊತ್ತಿಗಷ್ಟೇ ಪ್ಯಾಕಿನಿಂದ ತೆಗೆಯಿರಿ. ಮಾತ್ರೆಯೆಂದುಕೊಂಡು ಅದನ್ನು ನುಂಗುವವರೂ ಇದ್ದಾರೆ, ಮನೆಯ ಹಿರಿಯರಿಗೆ ಒಮ್ಮೆ ಎಳೆದು ತೋರಿಸಿ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲವಾದರೆ ನಾಲಗೆ ಮೇಲೆ ಬಿಳಿ ಬೂಷ್ಟು ಬರಬಹುದು.

"ಇನ್‌ಹೇಲರ್ ಅಭ್ಯಾಸ ಆಗಿಬಿಡುತ್ತೆ" ಎಂಬ ಹೆದರಿಕೆಯಿಂದ ಅದನ್ನು ಬದಿಗಿಟ್ಟು, ದಮ್ಮು ಏರಿದಾಗಲೆಲ್ಲ ಇಂಜೆಕ್ಷನ್ ಹಾಕಿಸಿಕೊಂಡು ಬರುವವರು ಬಹಳ. ಅದು ಆ ಹೊತ್ತಿಗೆ ಮಾತ್ರ. ಉಲ್ಬಣಿಸಿದ ಪ್ರತಿ ಸಲವೂ ಉಸಿರಿನ ಶಕ್ತಿ ಒಂದಿಷ್ಟು ಕಳೆದುಹೋಗಿ ವಾಪಸ್ ಬಾರದೆ ಇರಬಹುದು. ಕಫ ಹೆಚ್ಚಿ ಹಳದಿ ಹಸಿರಿಗೆ ತಿರುಗಿತು, ಏದುಸಿರು ಜಾಸ್ತಿಯಾಯಿತು ಅಂದರೆ ಅವತ್ತೇ ವೈದ್ಯರಲ್ಲಿಗೆ ಹೋಗಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಜೊತೆಗೆ ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ ಹಾಕಿಸಿದರೆ ಇಂಥ ಸಲಗಳು ಕಡಿಮೆಯಾಗುತ್ತವೆ.

ಮನೆಯಲ್ಲಿ ಒಬ್ಬಾಕೆಗೆ ದಮ್ಮು ಹಿಡಿದರೆ ಮೊದಲು ನಾಟಿ ಕೂಲಿ ನಿಲ್ಲುತ್ತದೆ, ಆಮೇಲೆ ನೀರು ಹೊರುವುದು, ಕೊನೆಗೆ ಅಡುಗೆ. ಆಗ ಒಲೆ ಮುಂದೆ ಬಂದು ಕೂರುವವಳು ಮಗಳು ಅಥವಾ ಸೊಸೆ. ಶ್ವಾಸಕೋಶ ಇಪ್ಪತ್ತು ದಾಟುವವರೆಗೂ ಬೆಳೆಯುತ್ತಿರುತ್ತದೆ. ಹುಡುಗಿಯದಾದರೆ ಬೆಳೆಯುವಾಗಲೇ ಹೊಗೆ ಕುಡಿಯುತ್ತದೆ. ಅದಕ್ಕೇ ರೋಗಿಗೆ ಔಷಧ ಬರೆದ ದಿನವೇ ಒಲೆಯ ಮಾತೂ ಆಗಬೇಕು.

ಗ್ಯಾಸಿಗೆ ಪೂರ್ತಿ ಹೋಗಲಾಗದಿದ್ದರೆ ಮೊದಲು ಹಂಡೆಯನ್ನು ಹೊರಗೆ, ಮಾಡಿನ ಕೆಳಗೆ ಸಾಗಿಸಿ. ಸೌದೆಯನ್ನು ಮಳೆಗೆ ಮುಂಚೆ ಒಣಗಿಸಿ ಒಳಗಿಡಿ. ಬೆಂಗಳೂರಿನ ಐಐಎಸ್‌ಸಿಯ ಅಸ್ತ್ರ ತಂಡ ರೂಪಿಸಿದ ಚಿಮಣಿ ಒಲೆ ಇದ್ದರೆ ಪಾತ್ರೆ ತೂತಿಗೆ ಸರಿಯಾಗಿ ಕೂರಬೇಕು, ಬಳಸದ ತೂತನ್ನು ಮುಚ್ಚಿರಬೇಕು. ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ತಿರುಗಿ ಅಡುಗೆಮನೆಗೇ ಬರುತ್ತದೆ. ಎಷ್ಟೋ ಒಲೆಗಳನ್ನು ಜನ ಒಡೆದುಹಾಕಿದ್ದು ಈ ಒಂದು ಕಾರಣಕ್ಕೆ.

ಕಾಯಿಲೆ ಮುಂದುವರಿದವರಿಗೆ, ಆರಾಮಾಗಿ ಕೂತಿದ್ದಾಗಲೂ ರಕ್ತದ ಆಮ್ಲಜನಕ ಶೇ. 88 ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ವೈದ್ಯರು ಮನೆಯಲ್ಲೇ ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಬರೆಯಬಹುದು. ಗುರಿ 88ರಿಂದ 92. ಅದನ್ನು 98ಕ್ಕೆ ಏರಿಸಲು ಹೋದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಸೇರಿ ಮಂಪರು ಹಿಡಿಯಬಹುದು. 108 ಆಂಬುಲೆನ್ಸಿನಲ್ಲಿ ಬಂದವರಿಗೂ ಸಿಓಪಿಡಿ ಎಂದು ಮೊದಲೇ ಹೇಳಿ. ಬೆರಳು ತಣ್ಣಗಿದ್ದರೆ, ನೇಲ್ ಪಾಲಿಶ್ ಇದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರವಾದ ಕಾನ್ಸಂಟ್ರೇಟರ್‌ಗೆ ಕರೆಂಟು ಬೇಕು, ಆದ್ದರಿಂದ ಜೊತೆಗೊಂದು ಆಮ್ಲಜನಕದ ಸಿಲಿಂಡರ್ ಇಟ್ಟುಕೊಳ್ಳಿ. ಮೂಗಿನ ಕೊಳವೆ ಹಾಕಿಕೊಂಡವರು ಒಲೆ, ದೀಪ, ಬೀಡಿಯ ಹತ್ತಿರ ಸುಳಿಯಬಾರದು, ಬಟ್ಟೆಗೆ ಬೆಂಕಿ ಹತ್ತುವುದು ಕ್ಷಣದ ಕೆಲಸ.