ಮಂಕಿ ಟಾಪ್ ಬಿಚ್ಚಿದ ದಿನ

ಬೆಂಗಳೂರು ದಂಡಿನ ಹಳೆಯ ಬಂಗಲೆಗಳಿಗೆ ಕಳೆ ಕೊಡುವುದು ಕಿಟಕಿ ಮೇಲಿನ ಮಂಕಿ ಟಾಪ್. ವಿಕ್ಟೋರಿಯಾ ಕಾಲದ (1837–1901) ಇಂಗ್ಲೆಂಡಿನಲ್ಲಿ ಗಾಥಿಕ್ ಶೈಲಿ ಮತ್ತೆ ಚಾಲ್ತಿಗೆ ಬಂದಾಗ ಮಾಡಿನ ಅಂಚಿಗೆ ಕೆತ್ತನೆಯ ಹಲಗೆ ಬಡಿಯುತ್ತಿದ್ದರು. ನಮ್ಮಲ್ಲಿ ಆ ಅಲಂಕಾರಕ್ಕೆ ಕೆಲಸವೂ ಬಂತು. ಕಿಟಕಿಯ ಮೇಲೆ ಮುಂಚಾಚಿದ ಚೂಪು ಮಾಡು, ಅದರ ಮುಂದೆ ಸಾಲಾಗಿ ಇಳಿಬಿಟ್ಟ ಮರದ ಪಟ್ಟಿಗಳು. ಎರಚಲು ಒಳಗೆ ಬಾರದು, ಬಿಸಿಲು ಸೋಸಿ ಬರುತ್ತದೆ, ಗಾಳಿಗೆ ಅಡ್ಡಿಯಿಲ್ಲ.

ರಿಚರ್ಡ್ಸ್ ಟೌನಿನ ಒಂದು ಬಂಗಲೆಯಲ್ಲಿ ಇಂಥದ್ದೊಂದನ್ನು ರಿಪೇರಿಗೆಂದು ಬಿಚ್ಚಿದಾಗ ಹೆಚ್ಚು ಹೊತ್ತು ಹಿಡಿದದ್ದು ಕೊಳೆತ ಭಾಗವನ್ನು ಹುಡುಕುವುದಕ್ಕೇ. ಮೊದಲು ಹೆಂಚು ಇಳಿಸಬೇಕು. ಬೇರೆ ಬೇರೆ ಕಾರ್ಖಾನೆಯ ಮಂಗಳೂರು ಹೆಂಚು ಒಂದಕ್ಕೊಂದು ಕಚ್ಚಿ ಕೂರುವುದಿಲ್ಲ. ಹಾಗಾಗಿ ಗಟ್ಟಿಯಿರುವ ಹಳೆಯದನ್ನೆಲ್ಲ ತೊಳೆದು ಜೋಡಿಸಿಡಬೇಕು. ಆಮೇಲೆ ಪಟ್ಟಿಪಟ್ಟಿಗೂ ದಬ್ಬಳ ಚುಚ್ಚಿ ನೋಡುವುದು. ಮೇಲೆ ಹೊಳೆಯುವ ಪೇಂಟ್ ನಂಬುವಂತಿಲ್ಲ. ಹಲವು ಪದರ ಬಳಿದ ಪೇಂಟ್ ಒಳಗಿನ ತೇವವನ್ನು ಆರಲು ಬಿಡದು, ಮರ ಒಳಗೊಳಗೇ ಮೆತ್ತಗಾಗುತ್ತದೆ. ಪಟ್ಟಿಗಳಲ್ಲಿ ಕೊಳೆ ಶುರುವಾಗುವುದು ಹೆಚ್ಚಾಗಿ ಎರಡು ಕಡೆ: ನೀರು ತೊಟ್ಟಿಕ್ಕುವ ಚೂಪು ತುದಿಯಲ್ಲಿ, ಮತ್ತೆ ಕಬ್ಬಿಣದ ಮೊಳೆ ತುಕ್ಕು ಹಿಡಿದ ತೂತಿನ ಸುತ್ತ.

ಹಳೆ ಬಣ್ಣದಲ್ಲಿ ಸೀಸವಿರಬಹುದು. ಒಣಗಿದ್ದಾಗ ಉಜ್ಜಬಾರದು, ಬೆಂಕಿಯಲ್ಲಿ ಸುಡಲೇಬಾರದು. ಒದ್ದೆ ಮಾಡಿಕೊಂಡು ಕೆರೆಯಬೇಕು, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು.

ಇಡೀ ಪಟ್ಟಿ ಕಿತ್ತು ಹೊಸದು ಹಾಕೋಣ ಎನ್ನುವವರೇ ಹೆಚ್ಚು. ಅದು ಬೇಡ. ಆ ಕಾಲದ ಬಲಿತ ತೇಗ ಈಗ ಸುಲಭಕ್ಕೆ ಸಿಗದು. ಕೊಳೆತ ತುದಿಯನ್ನಷ್ಟೇ ಓರೆಯಾಗಿ ಕತ್ತರಿಸಿ, ಅದೇ ಓರೆಗೆ ಹೊಸ ತೇಗದ ತುಂಡು ಬೆಸೆದರೆ ಸಾಕು. ಓರೆಯ ಉದ್ದ ಪಟ್ಟಿಯ ದಪ್ಪದ ಎಂಟು ಪಟ್ಟು ಇರಲಿ; ಗಿಡ್ಡವಾದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಮೊದಲೇ ತೂತು ಕೊರೆದು ಹಿತ್ತಾಳೆ ಸ್ಕ್ರೂ ಹಾಕಬೇಕು. ಕತ್ತರಿಸಿದ ತುದಿಗಳು ನೀರು ಹೀರುವ ಬಾಯಿಗಳು. ಅವಕ್ಕೆ ಅಗಸೆ ಎಣ್ಣೆಯನ್ನು ಇನ್ನು ಹೀರದು ಎನ್ನುವವರೆಗೆ ಕುಡಿಸಬೇಕು.

ನಿಜವಾದ ಹಾನಿ ಮಾತ್ರ ಗೋಡೆಯ ಸೇರುವೆಯಲ್ಲಿತ್ತು. ಯಾವಾಗಲೋ ಯಾರೋ ಅಲ್ಲಿ ಸಿಮೆಂಟ್ ಮೆತ್ತಿದ್ದರು. ಗಟ್ಟಿ ಸಿಮೆಂಟ್ ಹಳೆಯ ಸುಣ್ಣದ ಗೋಡೆಯ ಜೊತೆ ಅಲುಗಾಡದೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ನೀರು ಒಳಗೆ ಹೋಗುತ್ತದೆ, ವಾಪಸ್ ಆರಿಹೋಗಲು ದಾರಿ ಇರುವುದಿಲ್ಲ. ಪಕ್ಕದ ಮರದ ತುದಿ ಅದಕ್ಕೇ ಪುಡಿಯಾಗಿತ್ತು. ಚಿಕ್ಕ ಉಳಿಯಿಂದ ಸಿಮೆಂಟನ್ನು ಮೆಲ್ಲಗೆ ಎಬ್ಬಿಸಿ, ಚೆನ್ನಾಗಿ ನೆನೆದು ಹದಗೊಂಡ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು ಕಲಸಿ ಗಾರೆ ತುಂಬಿದ್ದಾಯಿತು. ಗಾರೆ ಬೇಗ ಒಣಗಿದರೆ ಉದುರುತ್ತದೆ. ಒಂದು ವಾರವಾದರೂ ಒದ್ದೆ ಗೋಣಿತಾಟು ಹೊದಿಸಿಟ್ಟು, ಅದು ಪೂರ್ತಿ ಆರಿದ ಮೇಲಷ್ಟೇ ಹೆಂಚು ಕೂರಿಸಿ ಮರಕ್ಕೆ ಬಣ್ಣ ಹಚ್ಚುವುದು.