ಟಾರ್ಚಿಗೆ ಹೊಳೆಯುವ ಕಣ್ಣು

ನಮ್ಮ ಭಾವನ ಊರು ಅರಸೀಕೆರೆ ಕಡೆ. ತೆಂಗು, ರಾಗಿ ಬಿಟ್ಟರೆ ಅವರಿಗಿರುವ ಹುಚ್ಚು ಓಟದ ನಾಯಿ ಒಂದೇ. ಈಗಿರುವುದು ಮಿಂಚ, ನಾಲ್ಕು ವರ್ಷದ ಮುಧೋಳ ಗಂಡು. 'ಮನೆಯಲ್ಲಿ ನನಗಿಂತ ಅದಕ್ಕೇ ಮೊಟ್ಟೆ ಜಾಸ್ತಿ' ಎಂದು ಅಕ್ಕ ಗೊಣಗುತ್ತಲೇ ಬೇಯಿಸುತ್ತಾಳೆ.

ಕಳೆದ ವರ್ಷ ಪಕ್ಕದ ಊರಿನ ಹೊಲದಲ್ಲಿ ನಾಯಿ ಓಟ ಇಟ್ಟಿದ್ದರು. ಮಧ್ಯಾಹ್ನದ ಎರಡು ಸುತ್ತಲ್ಲೂ ಮಿಂಚನೇ ಮೊದಲು. ಕೊನೆಯ ಸುತ್ತು ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬಿಟ್ಟ ತಕ್ಷಣ ಹತ್ತು ಮಾರು ಓಡಿ ನಿಂತುಬಿಟ್ಟ. ಆಮೇಲೆ ಭಾವನ ಕೂಗು ಬಂದ ಕಡೆಗೆ ನೆಲ ಮೂಸುತ್ತಾ, ಮದುವೆ ಮನೆಗೆ ತಡವಾಗಿ ಬಂದವರ ಹಾಗೆ ನಿಧಾನಕ್ಕೆ ನಡೆದು ಬಂದ. ಜನ ಬಿದ್ದು ಬಿದ್ದು ನಕ್ಕರು. 'ಕೊಬ್ಬು ಬಂದದೆ ಅದಕ್ಕೆ' ಎಂದ ಭಾವ ಒಂದು ವಾರ ನಾಯಿಯ ಜೊತೆ ಮಾತು ಬಿಟ್ಟರು. ಸುಳ್ಳಲ್ಲ, ನಿಜಕ್ಕೂ ಬಿಟ್ಟರು.

ನನಗೆ ಅನುಮಾನ ಹುಟ್ಟಿದ್ದು ಶ್ರಾವಣಕ್ಕೆ ಅಲ್ಲಿ ಹೋದಾಗ. ರಾತ್ರಿ ಕರೆಂಟು ಹೋಯಿತು. ಕೊಟ್ಟಿಗೆಯ ಮೆಟ್ಟಿಲು ಇಳಿಯಲು ಮಿಂಚ ಒಂದೊಂದೇ ಕಾಲಿಟ್ಟು ತಡವುತ್ತಿದ್ದ. ಅಂಗಳದಲ್ಲಿ ನಿಲ್ಲಿಸಿದ್ದ ನನ್ನ ಸ್ಕೂಟರಿಗೆ ಹೋಗಿ ಮೂತಿ ಹೊಡೆದುಕೊಂಡ. ಭಾವ ಟಾರ್ಚ್ ಬಿಟ್ಟು, 'ಕಣ್ಣು ನೋಡೋ, ಚಿರತೆ ಥರ ಹೊಳೀತದೆ. ಮೊದಲು ಇಷ್ಟಿರಲಿಲ್ಲ, ಈಗೀಗ ಜಾಸ್ತಿ' ಅಂದರು. ಅವರಿಗೆ ಅದು ಹೆಮ್ಮೆ.

'ಭಾವ, ಯಾವುದಕ್ಕೂ ಹಾಸನಕ್ಕೆ ಕರ್ಕೊಂಡು ಹೋಗಿ ತೋರಿಸೋಣ' ಎಂದೆ. ಮೊದಲೇ ಒಬ್ಬರು ನೋಡಿ, ಕಣ್ಣು ಕೆಂಪಾಗಿಲ್ಲ, ಪಿಸಿರಿಲ್ಲ, ಏನೂ ಆಗಿಲ್ಲ ಎಂದು ಡ್ರಾಪ್ಸ್ ಕೊಟ್ಟು ಕಳಿಸಿದ್ದರಂತೆ. ನೋವಿಲ್ಲದ ರೋಗವನ್ನು ಯಾರೂ ರೋಗ ಅನ್ನುವುದಿಲ್ಲ, ಅಲ್ವಾ?

ಸೋಮವಾರ ಬೆಳಿಗ್ಗೆ ಓಮ್ನಿಯ ಹಿಂದಿನ ಸೀಟು ತೆಗೆದು ಮಿಂಚನನ್ನು ಹತ್ತಿಸಿದೆವು. ಹಾಸನದ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ ಎಮ್ಮೆ, ಕುರಿ, ಪೊಮೇರಿಯನ್ ಎಲ್ಲದರ ನಡುವೆ ಕೂತು ಕಾದೆವು. ಡಾಕ್ಟರಮ್ಮ ಮೊದಲು ಕೇಳಿದ್ದು ಉಣ್ಣಿಯ ಬಗ್ಗೆ. ಉಣ್ಣಿ ಕಚ್ಚಿ ಬರುವ ಜ್ವರದಲ್ಲಿ ಕಣ್ಣಿನೊಳಗೆ ರಕ್ತ ಒಸರುವುದುಂಟು, ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರ, ಅಂದರೆ ರೆಟಿನಾ, ಕಳಚಿಕೊಳ್ಳುವುದೂ ಉಂಟು. ಅದಕ್ಕಾದರೆ ಮಾತ್ರೆ ಇದೆ. ರಕ್ತ ಪರೀಕ್ಷೆಯಲ್ಲಿ ಅದು ಸಿಗಲಿಲ್ಲ. ಜ್ವರ ಇಲ್ಲವೆಂದು ಬೇಜಾರು ಮಾಡಿಕೊಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಆಮೇಲೆ ಹತ್ತಿಯ ಉಂಡೆಗಳು. ಹತ್ತಿ ಬಿದ್ದರೆ ಸದ್ದಿಲ್ಲ, ವಾಸನೆಯೂ ಅಷ್ಟಿಲ್ಲ. ಬೆಳಕಿನಲ್ಲಿ ಒಂದೊಂದಾಗಿ ಬಿಟ್ಟಾಗ ಮಿಂಚನ ಕಣ್ಣು ಅದರ ಹಿಂದೆಯೇ ಇಳಿಯಿತು. ಕಿಟಕಿ ಮುಚ್ಚಿ ಲೈಟ್ ಆರಿಸಿ ಬಿಟ್ಟಾಗ ಅಲುಗಲೇ ಇಲ್ಲ. ಆ ಮಬ್ಬಿನಲ್ಲೇ ಎರಡು ಸ್ಟೂಲು, ಒಂದು ಬಕೆಟ್ ಅಡ್ಡ ಇಟ್ಟು ಭಾವನನ್ನು ಆ ತುದಿಯಿಂದ ಕರೆಯಲು ಹೇಳಿದರು. ಮಿಂಚ ಬಕೆಟ್ ಬೀಳಿಸಿ, ಸ್ಟೂಲಿಗೆ ಭುಜ ತಾಗಿಸಿಕೊಂಡು, ಬಾಲ ಆಡಿಸುತ್ತಲೇ ಬಂದ. ಭಾವ ಕೂತು ಅವನ ಕುತ್ತಿಗೆ ತಬ್ಬಿಕೊಂಡರು. ಮಾತಾಡಲಿಲ್ಲ.

ಪಾಪೆ ಅರಳಿಸುವ ಹನಿ ಹಾಕಿ, ಅದು ಅರಳಲು ಕಾದು, ಒಳಗೆ ನೋಡಿದ ಮೇಲೆ ಡಾಕ್ಟರಮ್ಮ ಹೇಳಿದ್ದಿಷ್ಟು. ನಾಯಿಯ ರೆಟಿನಾದ ಹಿಂದೆ ಕನ್ನಡಿಯಂಥ ಪದರ ಇರುತ್ತದೆ. ಟಾರ್ಚಿಗೆ ಹೊಳೆಯುವುದು ಅದೇ. ರೆಟಿನಾ ಸವೆದು ತೆಳ್ಳಗಾದಷ್ಟೂ ಹಿಂದಿನ ಕನ್ನಡಿ ಜಾಸ್ತಿ ಹೊಳೆಯುತ್ತದೆ. ಈ ರೋಗದಲ್ಲಿ ಮಬ್ಬು ಬೆಳಕಿನಲ್ಲಿ ನೋಡುವ ಕೋಶಗಳು ಮೊದಲು ಸಾಯುತ್ತವೆ, ಹಗಲಿನವು ಆಮೇಲೆ. ರೆಟಿನಾ ಮೆಲ್ಲಗೆ ಸವೆಯುತ್ತಾ ಹೋಗುವ ಇದಕ್ಕೆ ಪಿಆರ್‌ಎ ಅನ್ನುತ್ತಾರೆ. ಪೂರ್ತಿ ಖಚಿತವಾಗಲು ರೆಟಿನಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆಂದು ಅಳೆಯುವ ಇಆರ್‌ಜಿ ಎಂಬ ಪರೀಕ್ಷೆ ಮಾಡಿಸಬೇಕು, ಆದರೆ ನೋಡಿದರೆ ಅದೇ ಅನಿಸುತ್ತದೆ, ಔಷಧಿ ಇಲ್ಲ.

ನಾವು ಇಷ್ಟು ದಿನ ಮೆಚ್ಚಿಕೊಂಡ ಹೊಳಪು ಕಣ್ಣು ಸವೆಯುತ್ತಿದ್ದ ಗುರುತು.

ಭಾವ ಕೇಳಿದ್ದು ಒಂದೇ ಮಾತು: 'ಇದರ ಮರಿಗೂ ಬತ್ತದಾ ಮೇಡಂ?'

ಹೆಚ್ಚಿನ ಜಾತಿಯ ನಾಯಿಗಳಲ್ಲಿ ಕೆಟ್ಟ ಜೀನು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದರೆ ಮಾತ್ರ ಕಣ್ಣು ಹೋಗುತ್ತದಂತೆ. ಹಾಗಾಗಿದ್ದರೆ ಮಿಂಚನ ಎಲ್ಲ ಮರಿಗಳೂ ಒಂದೊಂದು ಹೊತ್ತುಕೊಂಡೇ ಹುಟ್ಟಿರುತ್ತವೆ. ಅವಕ್ಕೆ ಕಣ್ಣು ಚೆನ್ನಾಗಿಯೇ ಕಾಣಬಹುದು. ಆದರೆ ಅಂಥವೇ ಎರಡು ಕೂಡಿದರೆ ಹುಟ್ಟುವ ಕೆಲವು ಮರಿಗಳ ಕಣ್ಣು ಹೋಗಬಹುದು. ನಮ್ಮವರು ಮಾಡುವುದೇ ಅದು. ಚೆನ್ನಾಗಿ ಓಡುವ ನಾಯಿ ಸಿಕ್ಕರೆ ಜಾತಿ ಕೆಡಬಾರದೆಂದು ಅದರ ಮಗಳಿಗೇ ಕೂಡಿಸುತ್ತಾರೆ. ಮಿಂಚನ ಅಪ್ಪ ಅಮ್ಮ ಒಂದೇ ತಾಯಿಯ ಮರಿಗಳೆಂದು ಭಾವ ಮೊದಲೆಲ್ಲ ಎದೆ ಉಬ್ಬಿಸಿ ಹೇಳುತ್ತಿದ್ದರು.

ವಾಪಸು ಬರುವಾಗ ಹಾರನಹಳ್ಳಿ ಹತ್ತಿರ ಟೀಗೆ ನಿಲ್ಲಿಸಿದೆವು. ಮಿಂಚನ ಜೊತೆ ಕೂಡಿಸಲು ಮುಂದಿನ ತಿಂಗಳು ಹೆಣ್ಣು ನಾಯಿ ತರುತ್ತೇನೆಂದು ತಿಪಟೂರಿನವನೊಬ್ಬ ಹೇಳಿಟ್ಟಿದ್ದ. ಭಾವ ಗ್ಲಾಸು ಕೆಳಗಿಟ್ಟು ಅವನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕುವುದು ಅವರ ಅಭ್ಯಾಸ.

'ಬ್ಯಾಡ ಕಣಪ್ಪ, ತರಬ್ಯಾಡ. ಇದಕ್ಕೆ ಕಣ್ಣಿನ ರೋಗ ಅದೆ. ರಾತ್ರಿ ಕಾಣಕ್ಕಿಲ್ಲ.'

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ನಗು ಕೇಳಿಸಿತು.

'ಏನಣ್ಣ, ರೇಟ್ ಜಾಸ್ತಿ ಮಾಡ್ಬೇಕು ಅಂತಿದ್ರೆ ನೇರ ಹೇಳಿ. ಸಾವಿರ ಜಾಸ್ತಿ ಕೊಡ್ತೀನಿ.'